ನಾವು ಬಿಟ್ಟಿ ಕೇಳಲಿಲ್ಲ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನಮ್ಮವ್ವನೂ ತುಮಕೂರಿನ ಒಂದು ಹುಣಸೆ ಮಂಡಿಗೆ ಕೆಲಸಕ್ಕೆ ಹೋಗುತ್ತಿದ್ದೆವು. ನೆಲದ ಮೇಲೆ ಕೂತು, ಹಣ್ಣನ್ನು ಕಲ್ಲಿನ ಮೇಲಿಟ್ಟು, ಕೊಡತಿಯಿಂದ ಬಡಿದು ಬೀಜ ತೆಗೆಯುವುದು, ನಾರು ಬಿಡಿಸುವುದು. ಎಷ್ಟು ತೂಕವೋ ಅಷ್ಟು ಕೂಲಿ. ಬೆರಳಲ್ಲಿ ಸಣ್ಣ ಗೀರಿದ್ದರೂ ಹುಳಿ ಇಳಿದು ಉರಿಯುತ್ತಿತ್ತು. ಸಿಪ್ಪೆಯ ದೂಳಿಗೆ ಯಾರಾದರೊಬ್ಬರು ಕೆಮ್ಮುತ್ತಲೇ ಇರುತ್ತಿದ್ದರು. ಗುಬ್ಬಿಯಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುವವರೂ ಸೇರಿ ಒಂದಿಪ್ಪತ್ತು ಹೆಂಗಸರಿದ್ದೆವು.

ಒಂದು ಸಲ ಅವ್ವನ ಹೆಬ್ಬೆರಳಿಗೆ ಕೊಡತಿ ಬಿತ್ತು. ಅರಿಶಿನ ಮೆತ್ತಿಕೊಂಡು ಹಾಗೇ ಕೆಲಸ ಮಾಡಿದಳು. ಬೆರಳು ಕೀವು ತುಂಬಿ ಬದನೆಕಾಯಿಯಂತಾಯಿತು. ನಮ್ಮ ವಠಾರದಲ್ಲಿ ಗಿರಣಿ ಕೆಲಸದವನೊಬ್ಬನ ಸಂಸಾರವಿತ್ತು. ಅವನ ಹೆಂಡತಿ, "ನಮ್ ಡಿಸ್ಪೆನ್ಸರೀಲಿ ಇಂಜೆಕ್ಷನ್ ಕೊಡ್ತಾರಕ್ಕ, ಆದ್ರೆ ಕಾರ್ಡಿರ್ಬೇಕು" ಅಂದಳು. ಗಿರಣಿಯವರ ಸಂಬಳದಲ್ಲಿ ಅದಕ್ಕೆಂದೇ ತಿಂಗಳು ತಿಂಗಳು ಒಂದಿಷ್ಟು ಹಿಡಿಯುತ್ತಿದ್ದರು. ಕಾಯಿಲೆ ಬಿದ್ದಾಗ ಕಾರ್ಡು ತೋರಿಸಿದರೆ ಸಾಕು, ಯಾರ ಮುಂದೆಯೂ ಕೈಚಾಚಬೇಕಿರಲಿಲ್ಲ.

ಮಾರನೆಯ ದಿನ ಅವ್ವ ನನ್ನನ್ನು ಕರೆದುಕೊಂಡು ಆ ಡಿಸ್ಪೆನ್ಸರಿಗೆ ಹೋದಳು. ಬೆರಳು ತೋರಿಸಲೇ ಇಲ್ಲ. ಕಿಟಕಿಯೊಳಗಿದ್ದ ಗುಮಾಸ್ತನಿಗೆ, "ನಮ್ಗೂ ಕಾರ್ಡ್ ಮಾಡ್ಕೊಡಿ ಸ್ವಾಮಿ, ಗಿರಣಿಯೋರಂಗೆ ನಾವೂ ದುಡ್ಡು ಕಟ್ತೀವಿ" ಅಂದಳು.

"ಯಾವ ಫ್ಯಾಕ್ಟರಿ ನಿಮ್ದು?"

"ಫ್ಯಾಕ್ಟರಿಯಲ್ಲ, ಹುಣಸೆ ಮಂಡಿ."

"ಹಂಗೆಲ್ಲ ಬರಲ್ಲಮ್ಮ. ಕೂಲಿಯೋರೇ ಬಂದು ಕಟ್ತೀವಿ ಅಂದ್ರೆ ಕಟ್ಟಿಸ್ಕೊಳ್ಳೋಕೆ ರೂಲ್ಸಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಪುಕ್ಕಟೆ ನೋಡ್ತಾರೆ."

"ಪುಕ್ಕಟೆ ಯಾರು ಕೇಳುದ್ರು?" ಅಂದಳು ಅವ್ವ. ಅವನು ಹಿಂದೆ ನಿಂತವರನ್ನು ಕರೆದ.

ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲೇ ಬೆರಳು ಕೊಯ್ದು ಕೀವು ತೆಗೆದರು. ಉಗುರು ಹೋಯಿತು. ಮಂಡಿ ಸಾಹುಕಾರರು ಕೆಟ್ಟವರಲ್ಲ. "ಕಷ್ಟ ಬಂದ್ರೆ ನನ್ನನ್ನ ಕೇಳು, ಇಲ್ಲ ಅಂತೀನಾ?" ಅಂದರು.

"ನೀವು ಕೊಟ್ರೆ ಧರ್ಮ ಆಯ್ತದೆ ಸಾವ್ಕಾರ್ರೆ. ನಮ್ಮನ್ನ ಕೆಲಸದೋರು ಅಂತ ಆ ಡಿಸ್ಪೆನ್ಸರೀಲಿ ಬರೆಸಿ, ಸಾಕು."

ಸಾಹುಕಾರರು ನಕ್ಕು ತಕ್ಕಡಿ ಕಡೆ ತಿರುಗಿಕೊಂಡರು.

ಮಂಡಿಯ ಬೀದಿಯಲ್ಲೇ ಕುಣಿಗಲ್ ಕಡೆಯ ಹುಡುಗನೊಬ್ಬ ಡಾಕ್ಟರಿಕೆ ಓದಿ ಹೊಸದಾಗಿ ಶಾಪು ತೆರೆದಿದ್ದ. ಬರುವ ರೋಗಿಗಳು ಕಡಿಮೆ. ಅವ್ವ ಅವನ ಬಳಿಗೆ ಹೋಗಿ, ನಾವೆಲ್ಲ ಶನಿವಾರದ ಬಟವಾಡೆಯಲ್ಲಿ ಇಷ್ಟಿಷ್ಟು ಅಂತ ಕೊಡುತ್ತೇವೆ, ಯಾರಿಗೆ ಹುಷಾರು ತಪ್ಪಿದರೂ ನೀವು ನೋಡಬೇಕು ಅಂದಳು.

"ಕಾಯಿಲೆ ಇಲ್ದಿರೋ ವಾರಾನೂ ಕೊಡ್ತೀರಾ?"

"ಕೊಡ್ತೀವಿ. ಕಾಯಿಲೆ ಬಂದ ವಾರ ಮಾತ್ರ ನೀವು ಫೀಸು, ಔಷ್ದಿ ದುಡ್ಡು ಅಂತ ಕೇಳ್ಬಾರ್ದು."

ಡಾಕ್ಟರು ಒಪ್ಪಿದ. ಒಪ್ಪದವಳು ನಮ್ಮೊಳಗೇ ಇದ್ದಳು. ಅಮೃತೂರಿನ ಕಡೆಯ ವಿಧವೆ, ಕಲ್ಲುಗುಂಡಿನಂಥ ಆಳು. "ಹುಟ್ಟಿದಾಗಿಂದ ಒಂದು ಮಾತ್ರೆ ನುಂಗಿದೋಳಲ್ಲ ನಾನು. ಇವರ ಕೆಮ್ಮಿಗೆ ನಾನ್ಯಾಕೆ ದುಡ್ಡು ಕೊಡ್ಲಿ?" ಅಂದಳು.

ಕೆಲವರು ತಲೆಯಾಡಿಸಿದರು. ನನಗೂ ಆ ಮಾತು ಸರಿ ಅನ್ನಿಸಿತು. ಅವ್ವ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಕೊಡ್ಬ್ಯಾಡ ಬುಡು, ಬಲವಂತ ಇಲ್ಲ. ಆದ್ರೆ ನೀನು ಬಿದ್ದ ದಿನ ಸಾವ್ಕಾರ್ರ ಹಿತ್ತಲ ಬಾಗ್ಲಲ್ಲಿ ಸೆರಗೊಡ್ಡಿ ನಿಂತಿರ್ತೀಯಲ್ಲ, ಅದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಅವಳು ಮುಖ ತಿರುಗಿಸಿಕೊಂಡು ಹಣ್ಣು ಬಡಿಯತೊಡಗಿದಳು. ಶನಿವಾರ ಮಾತ್ರ ಗೊಣಗುತ್ತಲೇ ದುಡ್ಡು ಕೊಟ್ಟಳು. ಆಮೇಲೆ ಪ್ರತಿ ಶನಿವಾರವೂ ಗೊಣಗಿದಳು, ಪ್ರತಿ ಶನಿವಾರವೂ ಕೊಟ್ಟಳು. ಡಾಕ್ಟರ ಶಾಪಿನ ಮೆಟ್ಟಿಲು ಹತ್ತಿದವಳಲ್ಲ.

ಕೆಲವು ವರ್ಷ ಹೀಗೆ ನಡೆಯಿತು. ಕೆಮ್ಮು, ಜ್ವರ, ಹೊಲಿಗೆ ಹಾಕಬೇಕಾದ ಗಾಯ, ನನ್ನ ಬಾಣಂತನದ ರಕ್ತಹೀನತೆ ಎಲ್ಲಕ್ಕೂ ಅಲ್ಲಿಗೇ ಹೋದೆವು, ತಲೆ ಎತ್ತಿಕೊಂಡೇ ಹೋದೆವು. ಆಮೇಲೊಂದು ದಿನ ಡಾಕ್ಟರು ಬೋರ್ಡು ಇಳಿಸಿ ತನ್ನೂರು ಕುಣಿಗಲ್ಲಿಗೇ ಹೊರಟುಹೋದ. ನಮಗೊಂದು ಮಾತು ಹೇಳಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೇ ಆ ವಿಧವೆಯ ಕಾಲು ಊದಿಕೊಂಡವು. ಮೂಟೆ ಎಳೆಯುತ್ತಿದ್ದವಳು ನಾಲ್ಕು ಹೆಜ್ಜೆಗೆ ಏದುಸಿರು ಬಿಡತೊಡಗಿದಳು. ಅವ್ವ, "ಕುಣಿಗಲ್ ಏನು ಕಾಶಿನಾ? ನಡೀರಿ" ಅಂತ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದಳು.

ಕುಣಿಗಲ್ಲಿನ ಶಾಪಿನ ತುಂಬ ಜನ. ನಮ್ಮನ್ನು ಕಂಡು ಡಾಕ್ಟರ ಮುಖ ಸಣ್ಣದಾಯಿತು. "ಅದು ತುಮಕೂರಿನ ಮಾತು ಕಣಮ್ಮ. ಅಲ್ಲಿಗೇ ಮುಗೀತಲ್ಲ" ಅಂದ.

ಅವ್ವ ವಿಧವೆಯನ್ನು ಬೆಂಚಿನ ಮೇಲೆ ಕೂರಿಸಿ, ತಾನು ಬಾಗಿಲಿಗಡ್ಡವಾಗಿ ನೆಲದ ಮೇಲೆ ಕೂತಳು. "ಇವ್ಳು ಗಟ್ಟಿಯಾಗಿದ್ದಾಗ ವಾರ ವಾರ ಇಸ್ಕೊಂಡ್ರಲ್ಲ, ಈಗ ನೋಡಿ."

"ನಾನು ಊರೇ ಬಿಟ್ಟು ಬಂದೆನಲ್ಲಮ್ಮ."

"ಊರು ಬಿಟ್ಟೋರು ನೀವು. ನಾವಲ್ಲ."

ಕಾಯುತ್ತಿದ್ದ ಮುದುಕನೊಬ್ಬ, "ಮೊದ್ಲು ಆಯಮ್ಮನ್ನ ನೋಡಿ ಡಾಕ್ಟ್ರೆ, ನಮ್ದೇನು ಅವಸರವಿಲ್ಲ" ಅಂದ. ಡಾಕ್ಟರು ಅವಳನ್ನು ಒಳಗೆ ಕರೆದ. ಪರೀಕ್ಷೆ ಮಾಡಿ ಬಂದಾಗ ಅವನ ದನಿಯೇ ಬೇರೆಯಾಗಿತ್ತು. ಹೃದಯದ ತೊಂದರೆ, ಇಷ್ಟು ತಡ ಮಾಡಬಾರದಿತ್ತು ಅಂದ. ಒಳಕೋಣೆಯ ಮಂಚದಲ್ಲೇ ಇಟ್ಟುಕೊಂಡು, ಊತ ಇಳಿಯುವ ತನಕ ತಾನೇ ನೋಡಿಕೊಂಡ. ಹೊರಡುವಾಗ ಮಾತ್ರೆಗಳ ಜೊತೆ ಬಸ್ಸಿಗೆಂದು ಒಂದು ನೋಟನ್ನೂ ಮುಂದಿಟ್ಟ. ಅವ್ವ ಮಾತ್ರೆ ತಗೊಂಡು ನೋಟನ್ನು ಮೇಜಿನ ಮೇಲೇ ಬಿಟ್ಟಳು.

"ಔಷ್ದಿ ನಮ್ ದುಡ್ಡಿಂದು, ತಗೊಂಡ್ವಿ. ಇದು ನಿಮ್ದು."

ತುಮಕೂರಿನಲ್ಲಿ ಮತ್ತೆ ಯಾವ ಡಾಕ್ಟರೂ ಅಂಥ ಏರ್ಪಾಟಿಗೆ ಒಪ್ಪಲಿಲ್ಲ. ಒಬ್ಬಿಬ್ಬರ ಹತ್ತಿರ ಆಗುವ ಮಾತಲ್ಲ ಇದು, ಸರ್ಕಾರವೇ ಮಾಡಬೇಕು ಅಂತ ಅವ್ವ ನಮ್ಮನ್ನೆಲ್ಲ ಕಟ್ಟಿಕೊಂಡು ಕಾರ್ಮಿಕ ಇಲಾಖೆಯ ಸಾಹೇಬರೊಬ್ಬರ ಆಫೀಸಿಗೆ ಹೋದಳು. ಸಾಹೇಬರು ಕನ್ನಡಕ ತೆಗೆದು, "ಅವತ್ತಿನ ಕೂಲಿ ಅವತ್ತಿಗೇ ಸಾಲ್ದು ನಿಮ್ಗೆ. ಕಾಯಿಲೆ ಬರೋ ಮುಂಚೆನೇ ದುಡ್ಡು ಕಟ್ತೀರಾ? ಯಾರು ನಂಬ್ತಾರೆ?" ಅಂದರು.

ಅವ್ವ ಬಾಯಿ ತೆರೆಯುವ ಮೊದಲೇ ವಿಧವೆ ಮುಂದೆ ಬಂದಳು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. "ನಾನು ಕಟ್ಟಿದೀನಿ ಸ್ವಾಮಿ. ಇಷ್ಟ ಇಲ್ದೇನೇ ಕಟ್ಟಿದೀನಿ. ಅದುಕ್ಕೇ ಇವತ್ತು ನಿಮ್ಮೆದ್ರಿಗೆ ನಿಂತಿವ್ನಿ."

ಸಾಹೇಬರು ಮೇಲಿನವರಿಗೆ ಬರೆಯುತ್ತೇನೆ ಅಂದರು. ಬರೆದರೋ ಇಲ್ಲವೋ ತಿಳಿಯದು, ಕಾರ್ಡಂತೂ ಬರಲಿಲ್ಲ. ಮುಂದಿನ ವರ್ಷ ಅವ್ವ ಮತ್ತೆ ಹೊರಟಳು. ಆ ಸಲ ಕೊಬ್ಬರಿ ಮಂಡಿಯ ಹೆಂಗಸರೂ, ಮೂಟೆ ಹೊರುವ ಹಮಾಲಿಗಳೂ ಕೆಲಸ ಬಿಟ್ಟು ಜೊತೆಗೆ ಬಂದರು. ಆಫೀಸಿನ ಮೆಟ್ಟಿಲ ಮೇಲೆ ಕೂರಲು ಜಾಗ ಸಾಲದೆ ಅರ್ಧ ಜನ ರಸ್ತೆಯಲ್ಲೇ ಕೂತೆವು.