ನೀರಿನ ಗುಳ್ಳೆ

ನನ್ನ ಸೋದರತ್ತೆಯ ಮುಂಗೈಗಳಲ್ಲಿ ಬರಿಯ ಚರ್ಮ ಕಾಣುತ್ತಿದ್ದುದೇ ಕಡಿಮೆ. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆ: ಚೇಳು, ತೊಟ್ಟಿಲು, ತುಳಸಿಕಟ್ಟೆ. ಹಾಕಿಸಿಕೊಳ್ಳುವಾಗ ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ನಮ್ಮೂರು ತಿಕೋಂಡಿಯ ತುಂಬ ತಾನೇ ಹೇಳಿಕೊಂಡು ತಿರುಗುತ್ತಿದ್ದಳು.

ಆಕೆಯ ಜೀವವೆಲ್ಲ ಕುರಿಗಳ ಮೇಲೆ. ಉಬ್ಬಸ ಜೋರಾದಾಗ, ಉಣ್ಣೆಯೇ ಕಾರಣ, ಹಿಂಡು ಮಾರಿಬಿಡು ಎಂದು ಮಗ ಹಟ ಹಿಡಿದ. "ಮೊದಲ ನನ್ನ ಮಾರು," ಎಂದಳು. ಕೊನೆಗೆ ಅಲರ್ಜಿ ಪರೀಕ್ಷೆಯಲ್ಲಿ ಬಂದಂತೆ ನಡೆಯುವುದೆಂದು ಇಬ್ಬರೂ ಒಪ್ಪಿದರು. ಸಾಂಗಲಿಯ ದವಾಖಾನೆಗೆ ನಾನೂ ಜೊತೆಗೆ ಹೋದೆ.

ನರ್ಸ್ ತಂದದ್ದು ಹಲವು ಮೊನೆಗಳ ಪ್ಲಾಸ್ಟಿಕ್ ಸಾಧನ. ಒಂದೇ ಸಲ ಒತ್ತಿದರೆ ಉಣ್ಣೆ, ಧೂಳು, ಪರಾಗ ಎಲ್ಲದರ ಪರೀಕ್ಷೆ ಮುಗಿಯುತ್ತದೆ; ಮೈಗೆ ಒಗ್ಗದ್ದರ ಜಾಗದಲ್ಲಿ ಗುಳ್ಳೆ ಏಳುತ್ತದೆ. ಹೋಲಿಸಿ ನೋಡಲು ಒಂದು ಮೊನೆಗೆ ಬರೀ ಉಪ್ಪುನೀರು. ಅಲ್ಲಿ ಏನೂ ಏಳಬಾರದು. ಹಚ್ಚೆಗಳ ನಡುವೆ ಜಾಗ ಹುಡುಕಿ ಗಟ್ಟಿಯಾಗಿ ಒತ್ತಿದಳು. ಅತ್ತೆ ಹಲ್ಲು ಕಚ್ಚಿದಳು. ಸ್ವಲ್ಪ ಹೊತ್ತಿಗೆ ಗುಳ್ಳೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು.

"ಉಣ್ಣೆದ್ದು ಉಬ್ಬೇತ್ರಿ," ಎಂದಳು ನರ್ಸ್.

"ನೀರಿಂದೂ ಉಬ್ಬೇತಲ್ಲವ್ವಾ," ಅತ್ತೆ ಕೈ ಚಾಚಿದಳು. "ಹಂಗಾರ ನೀರು ಕುಡಿಯೂದೂ ಬಿಡ್ಲೇನು?"

ಮಗ, "ಸಾಕು, ನಡಿಯವ್ವಾ," ಎಂದು ಎದ್ದ. ಆಕೆ ಕುರ್ಚಿ ಬಿಟ್ಟೇಳಲಿಲ್ಲ. ಡಾಕ್ಟರಮ್ಮ ಬಂದು ನೋಡಿ, ಒತ್ತಿದ ಪೆಟ್ಟಿಗೇ ನೀರಿನ ಜಾಗವೂ ಉಬ್ಬಿದ ಮೇಲೆ ಇದನ್ನು ನಂಬುವಂತಿಲ್ಲ ಎಂದರು. ಮತ್ತೆ ಮಾಡುವುದಾದರೆ ಬೆನ್ನಿನ ಮೇಲೆ, ಒಂದೊಂದೇ ಸೂಜಿಯಿಂದ, ಹೊತ್ತು ಹಿಡಿಯುತ್ತದೆ.

"ಹಿಡೀಲಿ ಬಿಡ್ರಿ. ಕುರಿ ಕಾಯೋ ಮಂದಿಗಿ ಕುಂದ್ರೂದು ಕಲಸಬ್ಯಾಡ್ರಿ."

ಈ ಸಲ ಇರುವೆ ಕಚ್ಚಿದಷ್ಟೂ ನೋಯಲಿಲ್ಲವಂತೆ. ನೀರಿನ ಜಾಗ ಸಪಾಟು. ಉಣ್ಣೆಯದೂ ಸಪಾಟು. ಎದ್ದದ್ದು ಹಾಸಿಗೆ ಧೂಳಿನ ಹುಳದ ಗುಳ್ಳೆ ಒಂದೇ. ಮಗ ಪ್ರೀತಿಯಿಂದ ತಂದುಕೊಟ್ಟ ಅರಳೆ ಗಾದಿಯ ಮೇಲೆ ಮಲಗಲು ಶುರುಮಾಡಿದ ಮೇಲೆಯೇ ಉಬ್ಬಸ ಜೋರಾದದ್ದು ಆಗ ನಮಗೆ ನೆನಪಾಯಿತು.

"ಗಾದಿ ಮಾರ್ಕೋ," ಎಂದಳು ಮಗನಿಗೆ.

ಹೋದ ವರ್ಷ ಆಕೆ ಹೃದಯಾಘಾತದಿಂದ ತೀರಿಕೊಂಡಳು. ಕೊನೆಯ ದಿನದವರೆಗೂ ಹಟ್ಟಿ ತುಂಬ ಕುರಿಗಳಿದ್ದವು. ಅಷ್ಟು ಹಟಮಾರಿಯಾದ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಈಚೆಗೆ ಒಂದು ದವಾಖಾನೆಯಲ್ಲಿ ನನ್ನ ಮಗಳ ತೋಳಿಗೂ ಅಂಥದೇ ಸಾಧನ ಒತ್ತಿ, ಹಾಲು, ಶೇಂಗಾ, ಮೊಟ್ಟೆ ಎಲ್ಲ ಬಂದ್ ಮಾಡಿ ಎಂದರು. ಹೊರಗೆ ಸಾಲು ಉದ್ದವಿತ್ತು, ಲಗೂನ ಏಳ್ರಿ ಎಂದು ಗದರಿದರು.

"ನೀರಿನ ಜಾಗ ಮೊದಲ ತೋರಸ್ರಿ," ಎಂದು ನಾನು ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತೆ.