ಗಿಟುಕಿನ ಮೇಲೊಂದು ಗಿಣಿ

ನಮ್ಮ ತಿಪಟೂರಿನವರ ಕೈಗೆ ಒಂದು ಕೊಬ್ಬರಿ ಕೊಟ್ಟು ನೋಡಿ. ತಿನ್ನುವುದಕ್ಕೆ ಮೊದಲು ಅದನ್ನು ಅಂಗೈಯಲ್ಲಿ ತೂಗುತ್ತಾರೆ, ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ, ಮೂಸುತ್ತಾರೆ, ಕೊನೆಗೆ “ಮಾರ್ಕೆಟ್ಟು ಹೆಂಗೈತಂತೆ?” ಎಂದು ಗಂಭೀರವದನರಾಗಿ ಕೇಳುತ್ತಾರೆ. ರುಚಿ, ತೂಕ, ದರವೆಂಬ ತ್ರಿಗುಣಗಳ ಆಚೆಗೆ ಕೊಬ್ಬರಿಗೆ ಸೌಂದರ್ಯವೆಂಬ ನಾಲ್ಕನೆಯ ಗುಣವೂ ಒಂದುಂಟೆಂದು ನಂಬಿರುವ ಪುರುಷಪ್ರಾಣಿ ಈ ಊರಿನಲ್ಲಿ ಬಹುಶಃ ನಾನೊಬ್ಬನೇ. ಆ ನಂಬಿಕೆಯನ್ನು ಬಹಿರಂಗಪಡಿಸುವ ಧೈರ್ಯ ಬರುವಷ್ಟರಲ್ಲಿ ನನ್ನ ಮೀಸೆ ಪೂರ್ತಿ ಬೆಳ್ಳಗಾಗಿತ್ತು.

ಸಂಗತಿ ಇಷ್ಟೇ. ಕೊಬ್ಬರಿಯನ್ನು ಸರಿಯಾಗಿ ಎರಡು ಹೋಳು ಮಾಡಿದರೆ ಸಿಗುವ ಬಟ್ಟಲಿಗೆ ನಾವು ಗಿಟುಕು ಎನ್ನುತ್ತೇವೆ. ಮದುಮಗಳ ಮಡಿಲು ತುಂಬುವಾಗ ಅಕ್ಕಿ, ಬೆಲ್ಲಗಳ ಜೊತೆ ಅದಕ್ಕೂ ಸ್ಥಾನವುಂಟು. ಹಿಂದೆ ಮನೆಯ ಹೆಂಗಸರು ಗಿಟುಕಿನ ಕಂದು ಸಿಪ್ಪೆಯನ್ನು ಚೂಪು ಚಾಕುವಿನಿಂದ ಎಳೆಎಳೆಯಾಗಿ ಹೆರೆದು, ಒಳಗಿನ ಬಿಳುಪಿನಲ್ಲಿ ಬಳ್ಳಿ, ನವಿಲು, ಗಿಣಿಗಳನ್ನು ಮೂಡಿಸುತ್ತಿದ್ದರು. ನಮ್ಮವ್ವ ಅದರಲ್ಲಿ ಎತ್ತಿದ ಕೈ. ಪಕ್ಕದಲ್ಲಿ ಕೂತು ನೋಡಿನೋಡಿಯೇ ನನಗೂ ಆ ಹುಚ್ಚು ಅಂಟಿತು. ಆದರೆ ನಾನೋ ಕಬ್ಬಿಣದ ಅಂಗಡಿಯವನು. ಮೊಳೆ, ಚಿಲಕ, ಮುಳ್ಳುತಂತಿಗಳ ಅಧಿಪತಿ. ಆರಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ಇಂಥ ಭೀಮಕಾಯನು ಚಕ್ಕಳಮಕ್ಕಳ ಹಾಕಿ ಕೂತು ನವಿಲಿಗೆ ಗರಿ ಬಿಡಿಸುತ್ತಾನೆಂದು ಪೇಟೆಯಲ್ಲಿ ಗೊತ್ತಾದರೆ ಗತಿಯೇನು? ಮಚ್ಚು ಕೇಳಲು ಬಂದ ಗಿರಾಕಿಗಳು ಬಳೆ ಕೇಳಿಯಾರೆಂಬ ಭಯ.

ಹೀಗಾಗಿ ಭಾನುವಾರಗಳ ಏಕಾಂತದಲ್ಲಿ ನನ್ನ ಕಲಾಸಾಧನೆ ಸಾಗುತ್ತಿತ್ತು. ನೆಂಟರ ಪ್ರತಿಯೊಂದು ಮದುವೆಗೂ ಕೆತ್ತಿದ ಗಿಟುಕುಗಳ ಒಂದು ತಟ್ಟೆ ತಯಾರಾಗುತ್ತಿತ್ತು. ಹೊರಡುವ ಬೆಳಿಗ್ಗೆ ಮಾತ್ರ, ಈ ಸಲ ಬೇಡ, ಮುಂದಿನ ಸಲ ನೋಡೋಣ ಎಂಬ ತೀರ್ಮಾನ ಸರ್ವಾನುಮತದಿಂದ ಅಂಗೀಕೃತವಾಗುತ್ತಿತ್ತು. ನೀವೂ ಏನನ್ನಾದರೂ ಹೀಗೆ ತಳ್ಳುತ್ತಾ ಬಂದವರಾದರೆ ನನ್ನನ್ನು ನೋಡಿ ನಗಲಾರಿರಿ. ನನ್ನ ಆನೆ, ನವಿಲುಗಳೆಲ್ಲ ಕಡೆಗೆ ಐಕ್ಯವಾಗುತ್ತಿದ್ದುದು ನಮ್ಮ ಮನೆಯ ಚಟ್ನಿಪುಡಿಯಲ್ಲಿ.

ಶೆಟ್ಟಿಕೆರೆಯ ನನ್ನಕ್ಕನ ಮಗಳು ಮಮತಳಿಗೆ ಮದುವೆ ಗೊತ್ತಾದಾಗ, ನನ್ನ ಹೆಂಡತಿ ಸರೋಜ ತುರಿಮಣೆಯನ್ನು ಎತ್ತಿಟ್ಟೇಬಿಟ್ಟಳು.

“ನವಿಲು ತುರ್ದೆ, ಆನೆ ತುರ್ದೆ, ನಂಗೇ ಪಾಪ ಅನ್ಸುತ್ತೆ ಕಣ್ರೀ. ಮಮತನ ಮದ್ವೇದು ಮಾತ್ರ ನಾನು ತುರಿಯಾಕಿಲ್ಲ. ಸೋದರಮಾವ ಆಗಿ ನೀವು ತಗೊಂಡ್ ಬರ್ದಿದ್ರೆ, ನಾನೇ ಸೆರಗಲ್ಲಿ ಕಟ್ಕೊಂಡ್ ಬತ್ತೀನಿ.”

ಸೆರಗಿನಲ್ಲಿ ಬರುವುದಕ್ಕಿಂತ ಟವೆಲಿನಡಿ ಬರುವುದು ಮೇಲೆಂದು, ತಟ್ಟೆಯನ್ನು ಮುಚ್ಚಿಕೊಂಡೇ ಚಿಕ್ಕನಾಯಕನಹಳ್ಳಿಯ ಛತ್ರ ಸೇರಿದೆ. ಧಾರೆ ಮುಗಿಯಿತು. ಮಡಿಲು ತುಂಬುವ ಹೊತ್ತಿಗೆ ತಟ್ಟೆಯನ್ನು ಅಕ್ಕನ ಕೈಗೆ ತುರುಕಿ ಕಂಬದ ಮರೆಗೆ ಸರಿದು ನಿಂತೆ. ಟವೆಲು ಸರಿಯಿತು. ಗಂಡಿನ ಅಜ್ಜಿ ಒಂದು ಗಿಟುಕನ್ನು ಎತ್ತಿ, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು.

“ಇದ್ನ ಕೆತ್ತಿದ ಹೆಣ್ಮಗಳು ಯಾರಮ್ಮಾ? ಕರೀರಿ ಇಲ್ಲಿ, ಆ ಕೈ ನೋಡ್ಬೇಕು ನಾನು.”

ಸರೋಜ ನನ್ನತ್ತ ನೋಡಿದಳು. ಪುಣ್ಯಾತ್ಗಿತ್ತಿ, ಹೇಳುವ ಕೆಲಸವನ್ನು ನನಗೇ ಬಿಟ್ಟಳು. ಈಗ ಸುಮ್ಮನಿದ್ದುಬಿಟ್ಟರೆ ಈ ಜನ್ಮಪೂರ್ತಿ ಸುಮ್ಮನಿರಬೇಕಾಗುತ್ತದೆಂದು ನನಗೆ ಖಚಿತವಾಯಿತು.

“ನಾನೇ ಕಣಮ್ಮಾ,” ಎಂದೆ.

“ಲೇ, ಸುಮ್ನಿರ್ಲಾ! ಮೊಳೆ ಮಾರೋನು ನೀನು!” ಎಂದು ಮಮತಳ ಅಪ್ಪ, ಅಂದರೆ ನನ್ನ ಭಾವ, ಛತ್ರ ಹಾರಿಹೋಗುವಂತೆ ನಕ್ಕರು. ಜನವೂ ಗೊಳ್ಳೆಂದಿತು. ಅರ್ಧ ಆಯುಷ್ಯ ನಾನು ಹೆದರಿ ಬಚ್ಚಿಟ್ಟುಕೊಂಡಿದ್ದು ಈ ನಗೆಗೇ ತಾನೇ? ಅದು ಬಂತು, ಹೋಯಿತು. ನಾನು ನಿಂತಲ್ಲೇ ನಿಂತಿದ್ದೆ.

ಅಜ್ಜಿ ಮಾತ್ರ ನಗಲಿಲ್ಲ. “ಎಲ್ಲಿ, ನನ್ನ ಮುಂದೆ ಕೆತ್ತಪ್ಪ ನೋಡಾನ,” ಎಂದು ಅಡಿಗೆಮನೆಯಿಂದ ಒಂದು ಬೋಳು ಗಿಟುಕನ್ನೂ ಸಣ್ಣ ಚಾಕುವನ್ನೂ ತರಿಸಿಯೇಬಿಟ್ಟರು. ಜಮಖಾನದ ಮೇಲೆ, ರೇಷ್ಮೆ ಸೀರೆಗಳ ಮಧ್ಯೆ, ನನ್ನ ಗಾತ್ರವನ್ನು ಹೇಗೋ ಮಡಿಸಿ ಕೂತೆ. ಚಾಕು ಜಾರಿ ಮೊದಲ ಗೆರೆಯೇ ಸೊಟ್ಟಗಾಯಿತು. “ಹೋಯ್ತು ಬುಡು,” ಎಂದಿತು ಹಿಂದಿನಿಂದ ಯಾವುದೋ ದನಿ. ಹೋದದ್ದು ಹೋಯಿತೆಂದು ಆ ಸೊಟ್ಟಗೆರೆಯನ್ನೇ ಗಿಣಿಯ ಕೊಕ್ಕಾಗಿಸಿದೆ. ಕೊಕ್ಕು ಬಂದ ಮೇಲೆ ಕತ್ತು ಬರಲೇಬೇಕು, ಕತ್ತಿನ ಹಿಂದೆ ರೆಕ್ಕೆ. ಆಮೇಲೆ ಛತ್ರವಾಗಲಿ ಮೀಸೆಯಾಗಲಿ ನನ್ನ ನೆನಪಿನಲ್ಲಿರಲಿಲ್ಲ.

“ಎಲೆ ಹಾಕೈತೆ, ಊಟಕ್ಕೇಳ್ರಪ್ಪೋ! ಪಾಯ್ಸ ಆರೋಗ್ತೈತೆ!” ಎಂಬ ಭಾವನ ಕೂಗಿಗೆ ಎಚ್ಚರವಾಯಿತು.

ನಮ್ಮ ಕಡೆಯ ಮದುವೆಗಳಲ್ಲಿ ಈ ಕೂಗಿನ ಮಹಿಮೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಮಂತ್ರಾಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಮೊದಲ ಪಂಕ್ತಿಗೆ ಓಡಿದ ಮಹನೀಯರನ್ನು ನಾನೇ ಕಂಡಿದ್ದೇನೆ. ಈಗಲೂ ಎಲ್ಲರೂ ಎದ್ದುಹೋಗಿರುತ್ತಾರೆಂದು ತಲೆಯೆತ್ತಿದೆ.

ಒಬ್ಬರೂ ಎದ್ದಿರಲಿಲ್ಲ. ಕರೆಯಲು ಬಂದ ಭಾವನೇ ಅವರಿವರ ಹೆಗಲ ಮೇಲಿಂದ ಕತ್ತು ಚಾಚಿ ನನ್ನ ಕೈಯನ್ನು ನೋಡುತ್ತಾ ನಿಂತಿದ್ದರು.

“ತಡಿಯಪ್ಪ,” ಎಂದರು ಅಜ್ಜಿ, “ಗಿಣಿಗೆ ಕಣ್ಣಾಗ್ಲಿ.”

ಆದರೆ ಆ ಹೊತ್ತಿಗೆ ನನ್ನ ಕಣ್ಣೇ ತುಂಬಿಕೊಂಡು ಏನೂ ಕಾಣದಾಗಿ, ಮಮತ ತನ್ನ ಧಾರೆಸೀರೆಯ ಸೆರಗಿನಿಂದ ಒರೆಸುವವರೆಗೂ ಇಡೀ ಪಂಕ್ತಿ ಕಾಯಬೇಕಾಯಿತು.