ಹಿಂಬಾಗಿಲಿನಿಂದ ಕಂಡ ತೋಟ

ಆದೋನಿಯಲ್ಲಿ ಸ್ಟುಡಿಯೋ ತೆರೆದ ಹೊಸತರಲ್ಲಿ ನಾನು ಮುಖಗಳನ್ನು ಬಿಟ್ಟು ಬೇರೇನನ್ನೂ ತೆಗೆದವನಲ್ಲ. ಹೊಸ ಜೋಡಿಗಳು, ಶಾಲೆಯ ಮಾಸ್ತರರು, ಜವಳಕ್ಕೆ ಮುಂಚೆ ಜಡೆ ಹಾಕಿಸಿಕೊಂಡು ಬಂದ ಮಕ್ಕಳು. ನಮ್ಮೂರು ಆಂಧ್ರಕ್ಕೆ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಎಂದು ಬೇರೆಯಾಗಿ ಸ್ವಲ್ಪ ಕಾಲವಾಗಿತ್ತು. ಒಂದು ದಿನ ಹತ್ತಿ ವ್ಯಾಪಾರಿಯೊಬ್ಬರು ಬಂದು, ಆಸ್ಪರಿ ರಸ್ತೆಯಲ್ಲಿ ಕಟ್ಟಿಸಿದ ತಮ್ಮ ಮನೆಯ ಫೋಟೋ ಬೇಕೆಂದರು. ಮನೆಮಂದಿಯದೋ ಎಂದು ಕೇಳಿದೆ. ಅಲ್ಲ, ಮನೆಯದೇ, ಅದರಲ್ಲಿ ಒಬ್ಬರೂ ಕಾಣಬಾರದು ಎಂದರು. ಜನರಿಲ್ಲದ ಫೋಟೋ ಹೇಗಿರುತ್ತದೋ ನೋಡೋಣವೆಂದು ಒಪ್ಪಿಕೊಂಡೆ.

ಮೊದಲ ಸಲ ತೆಗೆದದ್ದು ಕೆಟ್ಟಿತು. ಮಾಳಿಗೆ ಪೂರ್ತಿ ಬರಲೆಂದು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದೆ. ಮುಂದಿನ ಕಂಬಗಳೆಲ್ಲ ಹಿಂದಕ್ಕೆ ವಾಲಿದಂತೆ ಬಂದವು. ವ್ಯಾಪಾರಿ ಫೋಟೋವನ್ನು ಅತ್ತಿತ್ತ ತಿರುಗಿಸಿ ನೋಡಿ, "ಕಂಬ ನೆಟ್ಟಗ ಬರಬೇಕ್ರಿ, ಅಷ್ಟೇ" ಎಂದರು.

ಆ ವಾಲಿದ ಕಂಬಗಳು ತಲೆಯಲ್ಲೇ ಕೂತುಬಿಟ್ಟವು. ಬಳ್ಳಾರಿಯ ಪರಿಚಯದ ಸ್ಟುಡಿಯೋದವರನ್ನು ಹೋಗಿ ಕೇಳಿದೆ. ಅವರು ಮೂಲೆಯಲ್ಲಿದ್ದ ತಿದಿಯಂತೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಹಳೆಯ ಕ್ಯಾಮೆರಾ ತೆಗೆದುಕೊಟ್ಟು, ಕ್ಯಾಮೆರಾ ಓರೆ ಮಾಡಬೇಡ, ಲೆನ್ಸ್ ಕೂತ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸು ಎಂದು ತೋರಿಸಿದರು. ಊರಿಗೆ ಬಂದವನೇ ಕಂಡ ಕಂಡ ಗೋಡೆಗಳ ಎದುರೆಲ್ಲ ಅದನ್ನು ನಿಲ್ಲಿಸಿ ನೋಡಿದೆ. ಅದರ ಹಿಂದೆ ಹೊದಿಸಿದ ಕರಿ ಬಟ್ಟೆಯೊಳಗೆ ತಲೆ ತೂರಿಸಿದರೆ ಹಿಂಬದಿಯ ಗಾಜಿನ ಮೇಲೆ ಇಡೀ ಓಣಿ ತಲೆಕೆಳಗಾಗಿ, ಆದರೆ ನೆಟ್ಟಗೆ ನಿಂತಿರುತ್ತಿತ್ತು.

ಎರಡನೆಯ ಸಲ ಹೋದಾಗ ಕಂಬಗಳು ಸರಿಯಾಗಿ ಬಂದವು. ಸಾಮಾನು ಕಟ್ಟುವಷ್ಟರಲ್ಲಿ ವ್ಯಾಪಾರಿಯ ಹೆಂಡತಿ ಹೊರಗೆ ಬಂದು, ಆ ಬಟ್ಟೆಯೊಳಗೆ ತಾವೂ ನೋಡಬಹುದೇ ಎಂದು ಕೇಳಿದರು. ಸೆರಗು ಸರಿಮಾಡಿಕೊಂಡು ಒಳಗೆ ಹೊಕ್ಕವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ, "ಮನಿ ಬಂದೈತ್ರಿ. ತೋಟ ಬಂದಿಲ್ಲ" ಎಂದರು.

ನನ್ನನ್ನು ಹಿಂಬಾಗಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಆಳೆತ್ತರದ ಬಂಡೆಯೊಂದಿತ್ತು. ಮನೆ ಕಟ್ಟುವಾಗ ಮೇಸ್ತ್ರಿ ಅದನ್ನು ಸಿಡಿಸಬೇಕೆಂದಿದ್ದನಂತೆ, ಇವರೇ ಬಿಡಲಿಲ್ಲವಂತೆ. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಬಂಡೆಯನ್ನು ಸುತ್ತಿ ದಾಳಿಂಬೆಗೆ, ಮಲ್ಲಿಗೆಗೆ, ಕೊನೆಗೆ ಬೇವಿನ ಬುಡಕ್ಕೆ ಹೋಗುತ್ತಿತ್ತು. ಅದರಾಚೆ ಒಣ ಕೆಂಪು ನೆಲ, ಕಾಂಪೌಂಡ್ ಗೋಡೆ, ಗೋಡೆಯ ಮೇಲೆ ಇಣುಕುವ ಗುಡ್ಡ. ಯಾರು ಹೀಗೆ ಮಾಡಲು ಹೇಳಿಕೊಟ್ಟರೆಂದು ಕೇಳಿದೆ.

"ಯಾರೂ ಹೇಳಿಲ್ರಿ. ಅಕ್ಕಿ ಆರಿಸ್ಕೋತ ಇಲ್ಲೇ ಕುಂದರ್ತೀನಿ. ಇಲ್ಲಿಂದ ನೋಡ್ಕೋತ ಒಂದೊಂದೇ ಇಟ್ಟೀನಿ."

ಅವರು ಕೂಡುವ ಹೊಸ್ತಿಲಲ್ಲೇ ಕ್ಯಾಮೆರಾವನ್ನು ತಗ್ಗಿಸಿ ಇಟ್ಟೆ. ಅವರೇ ಇನ್ನೊಮ್ಮೆ ಬಟ್ಟೆಯೊಳಗೆ ನೋಡಿ, ಬಕೆಟ್ಟೊಂದನ್ನು ತೆಗೆಸಿ, ಸಾಕೆಂದರು.

ವ್ಯಾಪಾರಿಗೆ ಮುಂಬಾಗಿಲಿನ ಫೋಟೋ ಹಿಡಿಸಿತು, ಅಂಗಡಿಯಲ್ಲಿ ತೂಗುಹಾಕಿದರು. ಅವರ ಒಪ್ಪಿಗೆ ಪಡೆದು ತೋಟದ್ದನ್ನು ನನ್ನ ಸ್ಟುಡಿಯೋದ ಮುಂದಿನ ಗಾಜಿನ ಕಪಾಟಿನಲ್ಲಿಟ್ಟೆ. ಸಂತೆಗೆ ಬಂದವರು ನಿಂತು, ಇದು ಯಾವ ಊರು ಎಂದು ಕೇಳುತ್ತಿದ್ದರು. ನಮ್ಮೂರೇ ಎಂದರೆ ನಂಬುತ್ತಿರಲಿಲ್ಲ. ಅದನ್ನು ನೋಡಿ ಮದ್ದಿಕೇರದಿಂದ ಒಬ್ಬರು ತಮ್ಮ ಬಾವಿಕಟ್ಟೆಯ ಫೋಟೋಕ್ಕೆ ಕರೆದರು. ಕೋಸಗಿಯ ರೈಲ್ವೆ ನೌಕರರೊಬ್ಬರು ಕ್ವಾರ್ಟರ್ಸಿನ ಮುಂದಿನ ಹೂವಿನ ಪಾತಿ ತೆಗೆಸಿಕೊಂಡರು. ಮುಖಗಳ ಫೋಟೋಗಳೇ ನನ್ನ ಹೊಟ್ಟೆ ಹೊರೆದವು. ಮನೆ, ತೋಟಗಳಿಗೆ ಮಾತ್ರ ನಾನು ರೈಲು ಹತ್ತಿ ಓಡುತ್ತಿದ್ದೆ.

ವ್ಯಾಪಾರಿಯ ಹೆಂಡತಿ ತಮ್ಮ ತೋಟದ ಫೋಟೋ ನೋಡಿ ಸುಮ್ಮನಾಗಲಿಲ್ಲ. ಎಡಗಡೆ ಬರಿದಾಗಿ ಕಾಣುತ್ತದೆಂದು ಕಣಗಿಲೆ ನೆಟ್ಟು, ಅದು ಹೂಬಿಟ್ಟಾಗ ಮತ್ತೆ ಹೇಳಿಕಳಿಸಿದರು. ಅದರ ಮುಂದಿನ ಬೇಸಿಗೆಯಲ್ಲಿ ಹೋದಾಗ ಹಿಂದಿನ ಕಾಂಪೌಂಡ್ ಗೋಡೆಯನ್ನೇ ಸೊಂಟದ ಮಟ್ಟಕ್ಕೆ ಇಳಿಸಿದ್ದರು. ಗೋಡೆ ಅಡ್ಡ ಬಂದು ಗುಡ್ಡ ಅರ್ಧವೇ ಕಾಣುತ್ತಿತ್ತಂತೆ. ದನ ನುಗ್ಗುತ್ತವೆಂದು ಗಂಡ ಗೊಣಗುತ್ತಿದ್ದರು, ಅದೇ ಮೋಟು ಗೋಡೆಯ ಮೇಲೆ ಕೂತು ಚಹಾ ಕುಡಿಯುತ್ತಾ.